ಉಣ್ಣೆಯ ಪರದೆ

ಉಂಡೆ ಮತ್ತೆ ಕೆಮ್ಮಿದಳು. ದುಂಡಗಿನ ಐದು ವರ್ಷದ ಮಗಳಿಗೆ ಮನೆಯಲ್ಲಿ ಅದೇ ಹೆಸರು. ಹೊಲಿಗೆ ಮಿಷನ್ನಿಗೆ ಒರಗಿಸಿಟ್ಟ ಫೋನಿನಲ್ಲಿ ಬಿಳಿ ಕೋಟಿನವನೊಬ್ಬ ಹೇಳುತ್ತಿದ್ದ: "ತಾಯಂದಿರೇ, ನಿಮ್ಮ ಮಗುವಿನ ಉಸಿರು ನಿಮ್ಮ ಕೈಯಲ್ಲಿದೆ."

ಹೊಲಿಯುತ್ತಿದ್ದ ಅಮ್ಮ ತನ್ನ ಕೈ ನೋಡಿಕೊಂಡಳು. ಬೆರಳ ತುದಿಯಲ್ಲಿ ಸೂಜಿಯ ಗಾಯ, ಉಗುರಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ.

ಮನೆಯೊಳಗಿನ ಗಾಳಿಯೇ ವಿಷ ಎಂದು ಫೋನು ಹೇಳಿದಾಗ ಕಿಟಕಿ ತೆರೆದಿದ್ದಳು. ರಸ್ತೆಯ ಹೊಗೆ ಒಳಬಿಡುವುದು ತಾಯಿಯ ಅಸಡ್ಡೆ ಎಂದು ಟೀವಿ ಹೇಳಿದಾಗ ಮುಚ್ಚಿದ್ದಳು.

"ಕಿಟಕಿಗೂ ನಿನಗೂ ಏನೇ ಜಗಳ?" ಎಂದಿದ್ದರು ಅತ್ತೆ.

ಗಂಡ ಬಸ್ಸು ಓಡಿಸುವವನು. "ಹೊಗೆ ಬಿಡೋದು ನನ್ನ ಬಸ್ಸು, ಬೈಸಿಕೊಳ್ಳೋದು ನೀನು," ಎಂದು ನಕ್ಕ.

"ಈ ಫೋನಿನವರು 'ತಂದೆಯಂದಿರೇ' ಅಂತ ಯಾಕೆ ಶುರು ಮಾಡಲ್ಲ?"

"ನಾವು ಮಾತು ಕೇಳಲ್ಲ ಅಂತ ಅವರಿಗೆ ಗೊತ್ತು ಕಣೇ."

ಅವಳಿಗೆ ನಗು ಬರಲಿಲ್ಲ. ಮರುದಿನ ಇನ್ನೊಂದು ವಿಡಿಯೋ, ಕಿಟಕಿಗೆ ದಪ್ಪ ಬಟ್ಟೆ ಹಾಕಿದರೆ ಧೂಳು ನಿಲ್ಲುತ್ತದೆ ಎಂದಿತು. ಬಟ್ಟೆ! ಅಷ್ಟಾದರೂ ತನಗೆ ಗೊತ್ತಿರುವ ವಿಷಯ. ಚಳಿಕೋಟು ಕತ್ತರಿಸಿ ಉಳಿದ ಉಣ್ಣೆಯ ತುಂಡುಗಳನ್ನೆಲ್ಲ ಎರಡು ಪದರ ಸೇರಿಸಿ ಹೊಲಿದು, ಮಗಳ ಹಾಸಿಗೆಯ ಪಕ್ಕದ ಕಿಟಕಿಗೆ ತೂಗುಹಾಕಿದಳು. ಎಷ್ಟೋ ದಿನಗಳ ನಂತರ ಎದೆ ಹಗುರಾಯಿತು.

ಕೆಮ್ಮು ಮಾತ್ರ ಹೆಚ್ಚಾಯಿತು.

ಒಂದು ಬೆಳಿಗ್ಗೆ ಮೊಮ್ಮಗಳ ಮುಖ ಒರೆಸುತ್ತಿದ್ದ ಅತ್ತೆ ಕೂಗಿದರು, "ಬಾರೇ ಇಲ್ಲಿ, ಮಗು ರೆಪ್ಪೆ ತುಂಬಾ ಇದೇನು ನೋಡು."

ಬೂದು ಬಣ್ಣದ ಉಣ್ಣೆಯ ಎಳೆಗಳು. ಅವಳು ಪರದೆಯನ್ನು ಕೊಡವಿದಳು. ಬಿಸಿಲಿನ ಕೋಲಿನಲ್ಲಿ ಎಳೆಗಳು ತುಂಬಿಕೊಂಡು ತೇಲಿದವು. ಅವಳೇ, ತನ್ನ ಕೈಯಾರೆ ಮಾಡಿದ್ದು. ಪರದೆಯನ್ನು ಕಿತ್ತು ಬಾಗಿಲಾಚೆ ಎಸೆದಳು.

ಆವತ್ತಿನಿಂದ ಕೆಮ್ಮು ಇಳಿಯಿತು. ಆದರೆ ಆವತ್ತೇ ಮನೆಮುಂದೆ ವಾರಗಳಿಂದ ರಸ್ತೆ ಅಗೆದು ಧೂಳೆಬ್ಬಿಸುತ್ತಿದ್ದವರು ಕೆಲಸ ಮುಗಿಸಿ ಹೋಗಿದ್ದರು. ಮಳೆಯೂ ಒಂದಿಷ್ಟು ಹನಿದಿತ್ತು. ಹಾಗಾದರೆ ತಪ್ಪು ಯಾವುದರದು? ಚಿಕಿತ್ಸಾಲಯದ ಡಾಕ್ಟರಮ್ಮನನ್ನು ಕೇಳಿದಳು. "ಪರದೆ ಇರಬಹುದು, ರಸ್ತೆ ಇರಬಹುದು, ಎರಡೂ ಇರಬಹುದಮ್ಮ," ಎಂದರು ಆಕೆ. ಫೋನಿನವರಲ್ಲಿ ಒಬ್ಬರೂ ಇಷ್ಟು ಅನುಮಾನದಿಂದ ಮಾತಾಡಿರಲಿಲ್ಲ. ಇಷ್ಟು ಮೆತ್ತಗೂ ಮಾತಾಡಿರಲಿಲ್ಲ. ಯಾರನ್ನು ನಂಬುವುದು?

ಮನೆಗೆ ಬಂದಾಗ ಉಂಡೆ ಹಾಸಿಗೆಯ ಮೇಲೆ ನಿಂತು ಕಿಟಕಿಯ ಚಿಲಕ ಹಿಡಿದಿದ್ದಳು.

"ಅಮ್ಮಾ, ಇವತ್ತು ಕಿಟಕಿ ಒಳ್ಳೇದಾ, ಕೆಟ್ಟದ್ದಾ?"

ಫೋನು ಠಣ್ಣೆಂದಿತು. ಅವಳು ಅದನ್ನು ಬಟ್ಟೆಯ ರಾಶಿಯ ಮೇಲೆ ಬೋರಲು ಹಾಕಿ, ಮಗಳನ್ನು ಎಳೆದು ಕೂರಿಸಿ ಬೆನ್ನಿಗೆ ಕಿವಿಯಿಟ್ಟಳು.

"ಜೋರಾಗಿ ಉಸಿರು ಬಿಡು."

ಎಲ್ಲೋ ಸಣ್ಣ ಶಿಳ್ಳೆಯಂಥ ಸದ್ದು. ಎದೆಯದೋ, ಕಿಟಕಿಯ ಸಂದಿಯದೋ?

"ಕಚಗುಳಿ ಅಮ್ಮಾ!"

"ನಗಬೇಡ, ಪುಟ್ಟಾ," ಎಂದು ಅವಳು ಕಿವಿಯನ್ನು ಇನ್ನಷ್ಟು ಒತ್ತಿದಳು. "ಇನ್ನೊಂದ್ಸಲ."