ಕಾರಿನ ಹೊಟ್ಟೆಗೆ ಬಿಗಿದ ತಗಡು

ನಾನು ಒಂದು ಅಲ್ಯೂಮಿನಿಯಂ ತಗಡು. ಕಾರ್ಖಾನೆಯಲ್ಲಿ ಎರಡು ಉರುಳೆಗಳ ನಡುವೆ ಸಿಕ್ಕಿ ಚಪ್ಪಟೆಯಾಗಿ ಹೊರಬಂದೆ. ಆರು ವರ್ಷ ಗದಗಿನ ಕನ್ನಡಕದ ಅಂಗಡಿಯೊಂದಕ್ಕೆ ಬೋರ್ಡಾಗಿದ್ದೆ. ಅಂಗಡಿ ಮುಚ್ಚಿದ ದಿನ ಗಿರಿಜಾ ಪತ್ತಾರ ನನ್ನನ್ನು ಮನೆಗೆ ಒಯ್ದಳು.

ಗಿರಿಜಾ ಪಾಲಿಟೆಕ್ನಿಕ್‌ನ ವರ್ಕ್‌ಶಾಪಿನಲ್ಲಿ ಕಲಿಸುವವಳು. ನಲವತ್ತು ದಾಟಿದ್ದರೂ ಕೂತಲ್ಲಿ ಕೂರುವ ಜೀವವಲ್ಲ. ಅವಳ ಹಳೆಯ ಕಾರು ತೊಂಬತ್ತರ ವೇಗ ದಾಟಿದರೆ ಗಾಳಿಗೆ ನಡುಗುತ್ತಿತ್ತು. ಕಾರಿನ ತಳದಲ್ಲಿ ಬರೀ ಪೈಪು, ಗುಳಿ, ಉಬ್ಬು. ನುಗ್ಗಿದ ಗಾಳಿ ಅಲ್ಲೇ ಸಿಕ್ಕಿ ಸುಳಿ ಸುತ್ತುತ್ತಿತ್ತು. ತಳವನ್ನು ನುಣುಪಾಗಿ ಮುಚ್ಚಿಬಿಟ್ಟರೆ ಗಾಳಿ ಸರಾಗವಾಗಿ ಹಿಂದೆ ಜಾರುತ್ತದೆ ಎಂದು ಅವಳ ಹಟ. ಭಾನುವಾರ ಪಾಳುಬಿದ್ದ ವಿಮಾನಪಟ್ಟಿಯೊಂದರಲ್ಲಿ ಕಾರುಗಳ ವೇಗದ ಸ್ಪರ್ಧೆಯಿತ್ತು.

ಕಾರಿನಡಿ ಅಂಗಾತ ಮಲಗಿ ನನ್ನನ್ನು ಕೊರೆದಳು, ಉಜ್ಜಿದಳು, ಬಿಗಿದಳು. ಅವಳ ಮುಖ ನನಗೆ ಗೇಣು ದೂರದಲ್ಲಿತ್ತು. ಪಕ್ಕದ ಮನೆಯ ಹುಸೇನ್‌ಸಾಬ್ ನದಾಫ್, ತಗಡಿನ ಕೆಲಸದಲ್ಲೇ ಮುದುಕರಾದವರು, ಬಗ್ಗಿ ನೋಡಿದರು.

“ಗಿರಿಜವ್ವಾ, ಮುಂದಿನ ಅಂಚು ಬರೇ ಪ್ಲಾಸ್ಟಿಕ್ ಬಂಪರಿಗೆ ಹಿಡಿಸೀಯಲ್ಲ, ತಾಳಾಂಗಿಲ್ಲ ಅದು. ಕಬ್ಬಿಣದ ಪಟ್ಟಿ ಕೊಟ್ಟು ಕೆಳಗಿನ ಚಾಸಿ ಚೌಕಟ್ಟಿಗೆ ಬಿಗಿ.”

“ನಾಳೆನ ಸ್ಪರ್ಧಾ ಐತಿ ಚಾಚಾ. ಮುಗಿಸ್ಕೊಂಡ್ ಬಂದು ಹಾಕ್ತೀನಿ.”

ಮೊದಲೆರಡು ಓಟ ಚೆನ್ನಾಗಿಯೇ ಆದವು. ಗಾಳಿ ನನ್ನ ಮೈ ಸವರಿಕೊಂಡು ಹಾಯುತ್ತಿತ್ತು, ಕಾರು ನಡುಗಲಿಲ್ಲ. ಮೇಲಿನಿಂದ ಅವಳ ನಗು ಕೇಳಿಸಿತು. “ಇನ್ನೊಂದ್ ಸಲ!” ಎಂದು ಕೂಗಿದಳು. ಹುಸೇನ್‌ಸಾಬ್ ನೀರಿನ ಬಾಟಲಿ ಹಿಡಿದು ವಿಮಾನಪಟ್ಟಿಯ ಕೊನೆಯಲ್ಲಿ ನಿಂತಿದ್ದರು.

ಮೂರನೇ ಓಟದಲ್ಲಿ ಬಂಪರು ಹರಿಯಿತು. ನನ್ನ ಮುಂದಿನ ಅಂಚು ಕೆಳಗೆ ಬಾಗಿ ಬಾಯಿ ತೆರೆದಂತಾಗಿ, ಗಾಳಿಯೆಲ್ಲ ಅದರೊಳಗೆ ನುಗ್ಗಿತು. ನೆಲಕ್ಕೆ ಉಜ್ಜಿ ಕಿರುಚಿದೆ. ಕಾರು ಎಡಕ್ಕೆ ಬಲಕ್ಕೆ ಹೊಯ್ದಾಡಿತು. ಗಿರಿಜಾ ಬ್ರೇಕು ತುಳಿದು ಸ್ಟಿಯರಿಂಗಿಗೆ ಜೋತುಬಿದ್ದಳು. ಅಷ್ಟರಲ್ಲಿ ನಾನು ಕಿತ್ತುಕೊಂಡು ಮುಂದಕ್ಕೆ ಹಾರಿದೆ. ಎದುರಿಗೆ ಹುಸೇನ್‌ಸಾಬರಿದ್ದರು. ತಿರುಗಬೇಕೆಂದರೂ ತಗಡಿಗೆ ತಿರುಗಲು ಬರುವುದಿಲ್ಲ. ಅವರ ಟೊಪ್ಪಿಗೆಯನ್ನು ಹಾರಿಸಿಕೊಂಡು ಹೋಗಿ ಧೂಳಿನಲ್ಲಿ ಬಿದ್ದೆ.

ಗಿರಿಜಾ ಕಾರು ನಿಲ್ಲಿಸಿ ಓಡಿಬಂದಳು. “ಚಾಚಾ, ಬಡೀತೇನ್ರಿ?”

“ಇಲ್ಲವ್ವ. ಟೊಪಗಿ ಅಷ್ಟ ಹೋತು.”

ಅದನ್ನು ಎತ್ತಿಕೊಳ್ಳಲು ಬಗ್ಗಿದವರು ಅಲ್ಲೇ ನೆಲದ ಮೇಲೆ ಕೂತರು. ಅವಳೂ ಕೂತಳು. ಟೊಪ್ಪಿಗೆಯ ಧೂಳನ್ನು ಮತ್ತೆ ಮತ್ತೆ ಕೊಡವಿದಳು.

ಆಮೇಲೆ ಹೊಸ ತಗಡನ್ನು ಇಬ್ಬರೂ ಸೇರಿ ಮಾಡಿದರು, ಕಬ್ಬಿಣದ ಪಟ್ಟಿ ಕೊಟ್ಟು. ನನ್ನನ್ನು ವರ್ಕ್‌ಶಾಪಿನ ಗೋಡೆಗೆ ತೂಗುಹಾಕಿದ್ದಾರೆ. ನನಗಿಲ್ಲಿ ನೆಮ್ಮದಿಯಿಲ್ಲ, ಫ್ಯಾನು ತಿರುಗಿದರೆ ಸಾಕು, ಗೋಡೆಗೆ ಬಡಿದುಕೊಳ್ಳುತ್ತೇನೆ. ಪ್ರತಿ ವರ್ಷ ಅವಳು ಹುಡುಗರಿಗೆ ನನ್ನ ಹರಿದ ಅಂಚು ತೋರಿಸಿ ಬೋಲ್ಟು, ವೇಗ, ಗಾಳಿಯ ಒತ್ತಡ ಎಲ್ಲ ಹೇಳುತ್ತಾಳೆ. ಒಂದು ಮಾತು ಮಾತ್ರ ಬಿಡುತ್ತಿದ್ದಳು.

ಈ ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು: “ಮೇಡಂ, ಅವಾಗ ಅಲ್ಲಿ ಯಾರಾದ್ರೂ ನಿಂತಿದ್ರೇನ್ರಿ?”

ಗಿರಿಜಾ ಚಾಕ್‌ಪೀಸನ್ನು ಕೆಳಗಿಟ್ಟಳು.

“ನಿಂತಿದ್ರು,” ಎಂದಳು. “ಅವರು ನನಗ ಹಿಂದಿನ ದಿನಾನ ಹೇಳಿದ್ರು. ನಾ ಕೇಳಲಿಲ್ಲ.”