ಮೊಳೆ ಹೊಡೆದ ಕಿಟಕಿ

ನನ್ನ ಹೊಲಿಗೆ ಯಂತ್ರದ ಎದುರಿಗೇ ಒಂದು ಕಿಟಕಿಯಿದೆ. ಇದೆ ಅನ್ನುವುದು ಹೆಸರಿಗೆ ಮಾತ್ರ. ನಾನು ಈ ಮನೆಗೆ ಸೊಸೆಯಾಗಿ ಬರುವ ಎಷ್ಟೋ ಮೊದಲೇ ಅತ್ತೆ ಅದರ ಕದಗಳಿಗೆ ಅಡ್ಡಪಟ್ಟಿ ಇಟ್ಟು ಮೊಳೆ ಹೊಡೆದುಬಿಟ್ಟಿದ್ದರು. ಆಚೆ ಇದ್ದದ್ದು ಊರಿನ ಕಸವೆಲ್ಲ ಬಂದು ಬೀಳುವ ತಿಪ್ಪೆ. ಅದಕ್ಕೆ ಬೆಂಕಿ ಹಚ್ಚಿದರೆ ಹೊಗೆ ನೇರ ನಮ್ಮ ಮನೆಗೇ ನುಗ್ಗುತ್ತಿತ್ತಂತೆ. ತೊಟ್ಟಿಲಲ್ಲಿದ್ದ ಮಗ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ ದಿನ ಅತ್ತೆ ಸುತ್ತಿಗೆ ಹಿಡಿದರಂತೆ. ಆ ಮಗನೇ ನನ್ನ ಗಂಡ.

ಈಗ ಕಸದ ಗುಡ್ಡದ ಮೇಲೆ ಮಣ್ಣು ಸುರಿದು, ಹುಲ್ಲು ಬೆಳೆಸಿ, ಬೆಂಚು ಹಾಕಿ ಪಾರ್ಕ್ ಮಾಡಿದ್ದಾರೆ. ಬೆಳಗಾದರೆ ವಾಕಿಂಗ್ ಬರುವವರ ಹರಟೆ ಕೇಳಿಸುತ್ತದೆ. ನಾನು ಮಾತ್ರ ಹಾಡಹಗಲೇ ಟ್ಯೂಬ್‌ಲೈಟ್ ಹಾಕಿಕೊಂಡು ಕಪ್ಪು ಬಟ್ಟೆಯನ್ನು ಕಪ್ಪು ದಾರದಲ್ಲಿ ಹೊಲಿಯಲು ಒದ್ದಾಡುತ್ತಿದ್ದೆ. ಹೋದ ವಾರ ಒಬ್ಬರ ಕರಿ ಕೋಟಿಗೆ ಒಂದು ತೋಳನ್ನು ಒಳಮೈ ಹೊರಗಾಗಿ ಕೂರಿಸಿಬಿಟ್ಟೆ. ಹೀಗೇ ಆದರೆ ಹೊಲಿಗೆಯನ್ನೇ ಬಿಡಬೇಕಾಗುತ್ತದೆಂದು ನನಗೆ ನಿಜಕ್ಕೂ ಭಯವಾಗಿತ್ತು.

"ಅತ್ತೆ, ಕಿಟಕಿ ತೆಗೆಸೋಣ್ವಾ?"

"ಮೇಲೆ ಹುಲ್ಲು ಹೊದಿಸಿದ್ರೆ ಒಳಗಿರೋದು ಎಲ್ಲಿಗೆ ಹೋಗುತ್ತೆ? ತಿಪ್ಪೆ ಸಾರಿಸೋದು ಅಂದ್ರೆ ಇದೇ ಕಣೇ. ನಂಗಿನ್ನೂ ವಾಸನೆ ಬರುತ್ತೆ."

ಅತ್ತೆಯ ಮೂಗಿನ ಜೊತೆ ವಾದ ಮಾಡುವುದುಂಟೇ? ಆದರೆ ನಾನು ಅಡುಗೆಮನೆಗೆ ಹೋದ ಕೂಡಲೇ ಅವರು ಕದಗಳ ಸಂದಿಗೆ ಕಣ್ಣಿಟ್ಟು ನಿಲ್ಲುತ್ತಿದ್ದರು. ಯಾವ ಬೆಂಚಿನಲ್ಲಿ ಯಾರು ಕೂರುತ್ತಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಅವರಿಗೆ ಬಾಯಿಪಾಠ. ನಾನೂ ಏನೂ ತಿಳಿಯದವಳ ಹಾಗೆ ಇರುತ್ತಿದ್ದೆ.

ನಿನ್ನೆ ಬೆಳಗ್ಗೆ ಕೆಲಸಕ್ಕೆ ಹೊರಟ ಗಂಡನ ಕೈಗೆ ಕಸದ ಚೀಲ ಕೊಟ್ಟೆ. ಅವರ ಗಮನ ಎಲ್ಲಿತ್ತೋ, ಕೈ ಮಾತ್ರ ಹಳೆಯ ರೂಢಿ ಮರೆತಿರಲಿಲ್ಲ. ಪಾರ್ಕಿನ ಬೇಲಿಯ ಹತ್ತಿರ ಹೋದವರೇ ಚೀಲವನ್ನು ಬೀಸಿ ಎಸೆದರು. ಅದು ಹೂವಿನ ಮಡಿಯ ನಡುವೆ ಬಿತ್ತು.

"ಅಯ್ಯೋ ಪಾಪಿ!" ಎಂಬ ಕೂಗು ಕೇಳಿ ನಾನು ಒಳಗಿನಿಂದ ಓಡಿಬಂದರೆ, ಅತ್ತೆ ನನ್ನ ದೊಡ್ಡ ಕತ್ತರಿಯನ್ನು ಅಡ್ಡಪಟ್ಟಿಯ ಕೆಳಗೆ ತೂರಿಸಿ ಮೀಟುತ್ತಿದ್ದರು. ಯಾರಿಗೂ ಮುಟ್ಟಗೊಡದ ಕತ್ತರಿ ಅದು. ತುಕ್ಕು ಹಿಡಿದ ಮೊಳೆಗಳು ಕಿರ್ರೆಂದು ಕಿತ್ತುಬಂದವು. ಕದ ತೆರೆದದ್ದೇ ತಡ, ಅತ್ತೆಯ ದನಿ ಹೊರಗೆ ಹಾರಿತು.

"ಲೋ! ನಿನ್ನ ಕೆಮ್ಮಿಗೆ ಅಂತ ನಾನು ಜನ್ಮವೆಲ್ಲ ಕತ್ತಲಲ್ಲಿ ಕೂತೆ. ನೀನೇ ಅಲ್ಲಿ ಕಸ ಹಾಕ್ತೀಯೇನೋ? ಎತ್ತೋ ಅದನ್ನ!"

ಪಾರ್ಕಿಗೆ ಪಾರ್ಕೇ ನಿಂತು ನೋಡಿತು. ಮೀಸೆ ನರೆತ ನನ್ನ ಗಂಡ ಬೇಲಿ ಸುತ್ತಿಕೊಂಡು ಒಳಗೆ ಹೋಗಿ, ತಲೆ ತಗ್ಗಿಸಿ ಚೀಲ ಎತ್ತಿಕೊಂಡರು.

"ಡಬ್ಬಿ ಆ ಕಡೆ, ಕೊಳದ ಪಕ್ಕ!" ಎಂದು ಅತ್ತೆ ದಾರಿ ತೋರಿಸಿದರು. ಒಮ್ಮೆಯೂ ಕಾಲಿಡದ ಜಾಗ, ಆದರೂ ಎಷ್ಟು ಚೆನ್ನಾಗಿ ಗೊತ್ತು! ನನಗೆ ನಗು ತಡೆಯಲಾಗಲಿಲ್ಲ.

ಬಿಸಿಲು ನನ್ನ ಯಂತ್ರದ ಮೇಲೆ ಬಿದ್ದಿತ್ತು. ಕತ್ತರಿಯ ತುದಿ ಮುರಿದಿತ್ತು. ಮುರಿದರೆ ಮುರಿಯಲಿ ಎನಿಸಿತು. ಕಪ್ಪು ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋದಾಗ ನನಗೆ ಅಳು ಬರುವಷ್ಟು ಖುಷಿಯಾಯಿತು.

"ಅತ್ತೆ, ವಾಸನೆ ಬರ್ತಿದ್ಯಾ? ಮುಚ್ಚಲಾ?" ಎಂದು ಸುಮ್ಮನೆ ಕೆಣಕಿದೆ.

ಅವರು ಕುರ್ಚಿ ಎಳೆದುಕೊಂಡು, ನನ್ನ ಬೆಳಕಿಗೆ ಅಡ್ಡವಾಗದಂತೆ ಓರೆಯಾಗಿ ಕೂತರು.

"ಮುಚ್ಚಿಬಿಟ್ರೆ ಇವನನ್ನ ಕಾಯೋರು ಯಾರು?"