ಅರ್ಧ ಇಂಚು ಸಡಿಲ

ತಾಯಿ ಬ್ಲೇಡಿನ ಮೂಲೆಯಿಂದ ಮಗಳ ಅಂಗಿಯ ಪಕ್ಕದ ಹೊಲಿಗೆಯನ್ನು ಕಂಕುಳವರೆಗೆ ಬಿಚ್ಚಿದ್ದಳು. ಮಗಳು ಸ್ನಾನ ಮುಗಿಸಿ ಬರುವುದರೊಳಗೆ ಅರ್ಧ ಇಂಚು ಸಡಿಲಿಸಿ, ಮತ್ತೆ ಹೊಲಿದು, ಇಸ್ತ್ರಿ ಮಾಡಿ ಇಡಬೇಕು. ಆಸ್ಪತ್ರೆಗೆ ಹೋಗುವ ದಿನ.

ರಕ್ತದ ಕ್ಯಾನ್ಸರಿಗೆ ಮಾತ್ರೆ ಶುರುವಾದಾಗಿನಿಂದ ಹುಡುಗಿಗೆ ತಡೆಯಲಾರದ ಹಸಿವು. ಕೂದಲಂತೂ ಹೋಯಿತು, ಬಟ್ಟೆಯೂ ಬಿಗಿಯಾಯಿತೆಂದು ಅವಳು ಕೊರಗುವುದು ಬೇಡವೆಂದು, ದರ್ಜಿಯಾಗಿದ್ದ ತಾಯಿ ಗುಟ್ಟಾಗಿ ಅಂಗಿಗಳನ್ನೆಲ್ಲ ಅಗಲಿಸುತ್ತ ಬಂದಿದ್ದಳು.

ಆಸ್ಪತ್ರೆಯಲ್ಲಿ ತೂಕ ನೋಡಿದ ಡಾಕ್ಟರು ಕನ್ನಡಕ ತೆಗೆದರು. "ಮಾತ್ರೆಯಿಂದ ಹಸಿವಾಗುತ್ತೆ, ನಿಜ. ಆದ್ರೆ ಇಷ್ಟು ಏರಬಾರದಿತ್ತಮ್ಮ. ತೂಕ ಜಾಸ್ತಿಯಾದ್ರೆ ಈ ಕಾಯಿಲೇಲಿ ಔಷಧಿ ಅಂದುಕೊಂಡಷ್ಟು ಕೆಲಸ ಮಾಡದೇ ಇರಬಹುದು. ಉಪವಾಸ ಬೇಡ. ಅಳತೇಲಿ ತಿನ್ನಿಸಿ, ದಿನಾ ನಡೆಸಿ. ಬಟ್ಟೆ ಬಿಗಿಯಾದಾಗ್ಲಾದ್ರೂ ಗೊತ್ತಾಗ್ಲಿಲ್ವಾ?"

ತಾಯಿ ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ಬಟ್ಟೆ ಎಲ್ಲ ಸರಿಯಾಗೇ ಆಗ್ತಿದೆ ಡಾಕ್ಟ್ರೇ. ನಿಮ್ಮ ತೂಕದ ಮಿಷನ್ನೇ ಹೊಟ್ಟೆಬಾಕ."

ಬಸ್ಸಿನಲ್ಲಿ ತಾಯಿ ಅಂಗಿ ಅಗಲಿಸುತ್ತಿದ್ದುದನ್ನೆಲ್ಲ ಹೇಳಿಬಿಟ್ಟಳು. ಹುಡುಗಿ ಕಿಟಕಿಯ ಕಡೆ ತಿರುಗಿ ಕೂತಳು. ಇಳಿಯುವಾಗ ಮಾತ್ರ, "ಇನ್ಮೇಲೆ ಬಿಗಿಯಾಗೇ ಇರ್ಲಿ ಬಿಡಮ್ಮ. ನನಗೂ ತಿಳೀಬೇಕಲ್ಲ," ಎಂದಳು.

ಸಂಜೆ ಊಟಕ್ಕೆ ಒಂದು ಬೇಯಿಸಿದ ಆಲೂಗಡ್ಡೆ, ಒಂದು ಮೊಟ್ಟೆ, ತಟ್ಟೆಯ ತುಂಬ ಸೌತೆಕಾಯಿ ಹೋಳು. ಕ್ಷಣದಲ್ಲಿ ತಟ್ಟೆ ಖಾಲಿ.

"ಇನ್ನೊಂದು ಆಲೂಗಡ್ಡೆ ಹಾಕಮ್ಮ. ಒಂದೇ ಒಂದು."

"ಸೌತೆಕಾಯಿ ಕೊಡ್ತೀನಿ, ತಗೋ."

"ನಾನೇನು ಮೊಲಾನಾ? ನೀನೂ ಡಾಕ್ಟರ ಪಾರ್ಟಿ ಸೇರಿಬಿಟ್ಟೆ."

ನಗುತ್ತಲೇ ಹೇಳಿದಳು, ಆದರೆ ಕಣ್ಣು ಪಾತ್ರೆಯ ಮೇಲಿತ್ತು. ಇದೇ ಮಗು ಎಳವೆಯಲ್ಲಿ ತುತ್ತು ಕಂಡರೆ ಬಾಯಿ ಬಿಗಿಹಿಡಿಯುತ್ತಿತ್ತು. ತಾಯಿ ಸೊಂಟದ ಮೇಲೆ ಕೂರಿಸಿಕೊಂಡು ಬೀದಿಯುದ್ದ ನಡೆದು, ನಾಯಿ ತೋರಿಸಿ, ಬಸ್ಸು ತೋರಿಸಿ ತಿನ್ನಿಸಿದ್ದಳು. ಇನ್ನೂ ಬೇಕು ಅನ್ನುವ ಒಂದು ಮಾತಿಗಾಗಿ ಆಗ ಎಷ್ಟು ಹಂಬಲಿಸಿದ್ದಳು! ಈಗ ಆ ಮಾತು ದಿನವಿಡೀ ಕೇಳಿಸುತ್ತಿತ್ತು. ಬಡಿಸಲು ಕೈ ತಾನಾಗಿ ಏಳುತ್ತಿತ್ತು. ಅದನ್ನು ಮಡಿಲಲ್ಲಿ ಅದುಮಿಟ್ಟುಕೊಂಡಳು.

ಮಗಳು ನಡೆಯಲು ಹೊರಡಲೆಂದು ಚಪ್ಪಲಿ ಹುಡುಕತೊಡಗಿದಳು. ತಾಯಿ ಅಡುಗೆಮನೆಗೆ ಹೋಗಿ ತನ್ನ ತಟ್ಟೆಗೆ ಒಂದು ಆಲೂಗಡ್ಡೆ, ಒಂದು ಮೊಟ್ಟೆ ಹಾಕಿಕೊಂಡು ನಿಂತೇ ತಿಂದಳು. ಹೊಟ್ಟೆ ಇನ್ನೂ ಕೇಳುತ್ತಿತ್ತು. ಪಾತ್ರೆಯ ಮುಚ್ಚಳ ಮುಚ್ಚಿದಳು. ಈ ಮಾತ್ರೆಗಳು ಮುಗಿಯುವವರೆಗೆ ಮಗಳ ತಟ್ಟೆಯಲ್ಲಿ ಇದ್ದಷ್ಟೇ ತನ್ನ ತಟ್ಟೆಯಲ್ಲೂ.

"ನಿನ್ನ ಊಟ ಇಷ್ಟು ಬೇಗ ಮುಗೀತಾ?" ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ.

"ಹೂಂ, ಆಯ್ತು," ಎಂದು ಕೈತೊಳೆದು, ಮಗಳ ಜೊತೆ ಬೀದಿಗಿಳಿದಳು.